ಹಳೇ ಗಾರೆ ಮೇಲೆ ಹೊಸ ಗಾರೆ: ಒಂದೇ ಗೋಡೆಗೆ ಎರಡು ಸಲ ಕೊಟ್ಟ ದುಡ್ಡು

ಅಂಕ ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತೇಳು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಪಾಠ ಮಾಡಿದವಳು, ಆ ಚಾಳಿ ಎಲ್ಲಿ ಹೋಗುತ್ತದೆ? ನಮ್ಮ ಮನೆಯ ಪಡುವಣ ಗೋಡೆಗೆ ಹೊಸದಾಗಿ ಪ್ಲಾಸ್ಟರಿಂಗ್ ಮಾಡಿದ ಮೇಸ್ತ್ರಿ ತಂಡಕ್ಕೆ 100ಕ್ಕೆ 82. ಉಳಿದ 18 ಎಲ್ಲಿ ಹೋಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

ಮೇಸ್ತ್ರಿಯ ಹೆಸರು, ನಂಬರು ಕೇಳಬೇಡಿ. "ಇರೋ ಫೋನ್ ಎತ್ತೋಕೇ ಪುರುಸೊತ್ತಿಲ್ಲ ಮೇಡಮ್ಮೋರೆ, ಎಲ್ಲೂ ಹಾಕ್‌ಬೇಡಿ" ಎಂದು ಅವರೇ ಹೇಳಿದ್ದಾರೆ. ಹಾಸನದ ಪಕ್ಕದ ಹಳ್ಳಿಯವರು. ನಾಲ್ಕು ಜನರ ತಂಡ. ಅವರೇ ಸಿಗಬೇಕು ಅಂತಿಲ್ಲ. ಅವರು ಮಾಡಿದ ಕೆಲಸ ಹೇಗಿತ್ತು ಅಂತ ತಿಳಿದರೆ ನಿಮ್ಮ ಊರಿನ ಮೇಸ್ತ್ರಿಯ ಹತ್ತಿರ ಏನು ಕೇಳಬೇಕು ಅನ್ನುವುದು ಗೊತ್ತಾಗುತ್ತದೆ.

ನಮ್ಮದು ಸಾಲಗಾಮೆ ರಸ್ತೆ ಕಡೆಯ ಮನೆ. ಮಾವನವರು 1986ರಲ್ಲಿ ಕಟ್ಟಿಸಿದ್ದು. ಸುಟ್ಟ ಇಟ್ಟಿಗೆ, ಮೇಲೆ ಸಿಮೆಂಟ್ ಗಾರೆ. ಪಡುವಣ ಗೋಡೆ ಉದ್ದ 36 ಅಡಿ, ಮಹಡಿ ಸೇರಿ ಎತ್ತರ 20 ಅಡಿ. ಕಿಟಕಿ ಕಳೆದರೆ 650 ಚದರಡಿ ಇಟ್ಟುಕೊಳ್ಳಿ. ಮುಂಗಾರಿನ ಗಾಳಿ ಮಳೆ ಎಲ್ಲ ಆ ಗೋಡೆಗೇ ಹೊಡೆಯುತ್ತದೆ. ಮಳೆ ಮುಗಿದ ಮೇಲೆ ಮಧ್ಯಾಹ್ನದ ಬಿಸಿಲೂ ಅದಕ್ಕೇ. ಆ ಗೋಡೆಯ ಹಿಂದಿನ ರೂಮಿನಲ್ಲಿ ನಮ್ಮ ಅತ್ತೆ ಮಲಗುತ್ತಾರೆ. ಅವರಿಗೆ ಈಗ ಎಂಬತ್ನಾಲ್ಕು. ಜುಲೈ ಬಂದರೆ ಗೋಡೆಯ ಒಳಗಡೆ ತೇವ ಏರಿ ಕ್ಯಾಲೆಂಡರಿನ ಹಾಳೆ ಮೆತ್ತಗಾಗುತ್ತಿತ್ತು. ಅತ್ತೆಗೆ ಕೆಮ್ಮು ಶುರು.

2019ರ ಏಪ್ರಿಲ್‌ನಲ್ಲಿ ಮೊದಲನೇ ಸಲ ಕೈ ಹಾಕಿದೆವು. ಒಬ್ಬ ಕಂಟ್ರಾಕ್ಟರು ಬಂದು ಗೇಟಿನ ಹತ್ತಿರ ನಿಂತೇ ನೋಡಿದ. ಹಳೇ ಗಾರೆ ಕೆತ್ತಬೇಕಾ ಎಂದು ನಮ್ಮವರು ಕೇಳಿದರು. "ಸುಮ್ನೆ ಯಾಕೆ ಸರ್ ಖರ್ಚು? ಸಿಮೆಂಟ್ ಹಾಲು ಹೊಡೆದು ಮೇಲೆ ಒಂದು ಕೋಟ್ ಎಳೆದುಬಿಡೋಣ" ಅಂದ. ಸಿಮೆಂಟ್ ಹಾಲು ಅಂದರೆ ನೀರಿನಲ್ಲಿ ತೆಳ್ಳಗೆ ಕಲಸಿದ ಸಿಮೆಂಟು. ಚದರಡಿಗೆ 28 ರೂಪಾಯಿ. ಒಟ್ಟು ಹದಿನೆಂಟು ಸಾವಿರದ ಚಿಲ್ಲರೆ. ನಮಗೂ ಅದೇ ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಧೂಳಿಲ್ಲ, ಗಲಾಟೆ ಇಲ್ಲ, ಎರಡೇ ದಿನದ ಕೆಲಸ.

ಈಗ ಯೋಚನೆ ಮಾಡಿದರೆ ಅವನು ಮಾಡಿದ ಒಂದೊಂದು ತಪ್ಪೂ ನನ್ನ ಕಣ್ಣ ಮುಂದೆಯೇ ನಡೆದಿತ್ತು. ಬೆಳಿಗ್ಗೆ ರಸ್ತೆಯ ಮೇಲೆ ದೊಡ್ಡ ರಾಶಿ ಕಲಸಿದರು. ಅದನ್ನೇ ಸಂಜೆ ನಾಲ್ಕರವರೆಗೆ ಬಳಿದರು. ಗಟ್ಟಿಯಾದಾಗೆಲ್ಲ ಒಂದು ಚೊಂಬು ನೀರು ಹಾಕಿ ಮತ್ತೆ ಕಲಸುವುದು. ಇಡೀ ಗೋಡೆಗೆ ಒಂದೇ ಸಲ ಸಿಮೆಂಟ್ ಹಾಲು ಹೊಡೆದು ಊಟಕ್ಕೆ ಹೋದರು. ವಾಪಸ್ ಬರುವಷ್ಟರಲ್ಲಿ ಅದು ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕೊನೆಗೆ ಗೋಡೆ ನುಣ್ಣಗೆ ಕಾಣಲಿ ಅಂತ ಒಣ ಸಿಮೆಂಟನ್ನು ಎರಚಿ ಉಜ್ಜಿದರು. ನಾನು ಅದನ್ನು ನೋಡಿ "ಎಷ್ಟು ಚೆನ್ನಾಗಿ ಫಿನಿಶಿಂಗ್ ಕೊಡ್ತಾರೆ" ಅಂದುಕೊಂಡೆ. ಕಾಫಿ ಕೂಡ ಎರಡನೇ ಸಲ ಕೊಟ್ಟೆ.

ಒಂದು ತಿಂಗಳಿಗೆ ಗೋಡೆಯ ಮೇಲೆ ಕೂದಲೆಳೆಯಂಥ ಬಿರುಕು ಬಂತು. ಬೇಸಿಗೆಯಲ್ಲಿ ಕೆರೆಯ ಮಣ್ಣು ಒಡೆದಿರುತ್ತದಲ್ಲ, ಹಾಗೆ. ಫೋನ್ ಮಾಡಿದರೆ "ಪೇಂಟ್ ಹೊಡೆದರೆ ಮುಚ್ಚಿಹೋಗ್ತದೆ" ಅನ್ನುವ ಉತ್ತರ. ಪೇಂಟ್ ಹೊಡೆಸಿದೆವು. ಮುಚ್ಚಿಹೋಯಿತು.

2022ರ ಜುಲೈ. ರಾತ್ರಿ ಎರಡು ಗಂಟೆ ಹೊತ್ತಿಗೆ ಲಾರಿ ಗುದ್ದಿದ ಹಾಗೆ ಸದ್ದು. ಹೊರಗೆ ಹೋಗಿ ಟಾರ್ಚ್ ಬಿಟ್ಟರೆ ಮಂಚದಗಲದ ಗಾರೆ ಹಪ್ಪಳದ ಹಾಗೆ ಕಳಚಿಕೊಂಡು ಕೆಳಗೆ ಬಿದ್ದಿದೆ. ಕ್ರೋಟನ್ ಕುಂಡಗಳು ಪುಡಿ. ಸ್ಕೂಟಿಯ ಸೀಟು ಹರಿದಿದೆ. ಹಗಲು ಬಿದ್ದಿದ್ದರೆ ಅಲ್ಲೇ ಕೂತು ಸೊಪ್ಪು ಬಿಡಿಸುವ ಅತ್ತೆಯ ಗತಿ ಏನು ಎಂಬುದನ್ನು ಈಗಲೂ ನೆನೆಯಲು ಇಷ್ಟವಿಲ್ಲ.

ಬೆಳಿಗ್ಗೆ ಒಂದು ಚೂರು ಎತ್ತಿ ತಿರುಗಿಸಿ ನೋಡಿದೆ. ಅದರ ಬೆನ್ನು ನುಣ್ಣಗಿತ್ತು, ಮತ್ತು ಹಸಿರಾಗಿತ್ತು! ಅತ್ತೆ ಅದನ್ನು ಕೈಯಲ್ಲಿ ಹಿಡಿದುಕೊಂಡು "ಇದು ನಿಮ್ಮ ಮಾವ ಗೃಹಪ್ರವೇಶಕ್ಕೆ ಹೊಡೆಸಿದ್ದ ಬಣ್ಣ ಕಣೇ" ಅಂದರು. ಹೊಸ ಗಾರೆ ಅಂಟಿಕೊಂಡಿದ್ದು ಗೋಡೆಗಲ್ಲ, ಮೂವತ್ತು ಚಿಲ್ಲರೆ ವರ್ಷದ ಹಳೇ ಬಣ್ಣದ ಪದರಕ್ಕೆ. ಬಣ್ಣ ಗೋಡೆ ಬಿಟ್ಟಿತು, ಗಾರೆ ಅದರ ಜೊತೆ ಇಳಿದು ಬಂತು. ಇಷ್ಟೇ ವಿಷಯ. ಇದನ್ನು ತಿಳಿಯೋಕೆ ಹದಿನೆಂಟು ಸಾವಿರ ಬೇಕಾಯಿತು.

ಆಮೇಲೆ ಒಂದು ವರ್ಷ ಟಾರ್ಪಾಲು ಕಟ್ಟಿಕೊಂಡು ಕಳೆದೆವು. ಬಂದು ನೋಡಿದವರೆಲ್ಲ ಅದೇ ರಾಗ: ಮೇಲೆ ಇನ್ನೊಂದು ಕೋಟ್. ಅಮೆರಿಕದಲ್ಲಿರುವ ನಮ್ಮ ಅಣ್ಣನ ಮಗನಿಗೆ ವಿಡಿಯೋ ಕಾಲ್‌ನಲ್ಲಿ ಗೋಡೆ ತೋರಿಸಿದೆ. ಅವನ ಮನೆಗೂ ಗಾರೆಯೇ. ಅಲ್ಲಿ ಅದಕ್ಕೆ ಸ್ಟಕೋ ಅನ್ನುತ್ತಾರಂತೆ. ಮರದ ಚೌಕಟ್ಟಿನ ಮೇಲೆ ನೀರು ತಡೆಯುವ ಕಾಗದ, ಅದರ ಮೇಲೆ ತಂತಿ ಜಾಲರಿ, ಅದರ ಮೇಲೆ ಮೂರು ಕೋಟ್. ಮೊದಲನೇ ಕೋಟನ್ನು ಬಾಚಣಿಗೆಯಂಥದ್ದರಲ್ಲಿ ಗೀರಿ ಬಿಡುತ್ತಾರೆ, ಮುಂದಿನದು ಹಿಡಿದುಕೊಳ್ಳಲಿ ಅಂತ. "ಅತ್ತೇ, ಪೇಂಟ್ ಇರೋ ಸ್ಟಕೋ ಮೇಲೆ ಇಲ್ಲೂ ಯಾರೂ ಹಂಗೇ ಬಳಿಯಲ್ಲ. ಒಂದೋ ಮರಳು ಊದಿ ಪೇಂಟ್ ಎಬ್ಬಿಸ್ತಾರೆ, ಇಲ್ಲಾಂದ್ರೆ ಹೊಸದಾಗಿ ಜಾಲರಿ ಹೊಡೀತಾರೆ" ಅಂದ. ಅಲ್ಲಿಗೆ ನಮ್ಮ ಅನುಮಾನ ಗಟ್ಟಿಯಾಯಿತು. ಆದರೆ ಹಾಸನದಲ್ಲಿ ಅಷ್ಟು ಕಷ್ಟಪಡುವವರು ಯಾರು?

ಹಾಲು ಹಾಕುವ ಹುಡುಗನ ಮೂಲಕ ಈ ಮೇಸ್ತ್ರಿ ಸಿಕ್ಕರು. 2023ರ ನವೆಂಬರ್ ಶುರುವಿನಲ್ಲಿ ಬಂದರು. ವಯಸ್ಸು ಅರವತ್ತರ ಹತ್ತಿರ, ಬಾಯಲ್ಲಿ ಎಲೆಅಡಿಕೆ. ಬಂದವರು ರೇಟು ಹೇಳಲೇ ಇಲ್ಲ. "ಗೋಡೆ ತಟ್ಟಿ ನೋಡ್ಬೇಕು, ಅರ್ಧ ದಿನ ಆಯ್ತದೆ, ಐನೂರು ಕೊಡಿ" ಅಂದರು. ಗೋಡೆ ತಟ್ಟಲು ಐನೂರಾ! ನನಗೆ ಸಿಟ್ಟೇ ಬಂತು. ಡಾಕ್ಟರ ಹತ್ತಿರ ಹೋದರೆ ಎದೆ ತಟ್ಟಿ ನೋಡೋಕೆ ದುಡ್ಡು ತಗೋತಾರಲ್ಲ ಎಂದು ನಮ್ಮವರೇ ಸಮಾಧಾನ ಮಾಡಿದರು.

ಏಣಿ ಹಾಕಿ, ಸುತ್ತಿಗೆಯ ಹಿಡಿಯಿಂದ ಗೇಣಿಗೆ ಒಂದರಂತೆ ಇಡೀ ಗೋಡೆ ತಟ್ಟಿದರು. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ. ಬಿಟ್ಟುಕೊಂಡ ಕಡೆ ಡಬ್ ಅನ್ನುತ್ತದೆ, ಹಲಸಿನ ಹಣ್ಣು ತಟ್ಟಿದ ಹಾಗೆ. ಡಬ್ ಅಂದ ಕಡೆಯೆಲ್ಲ ಸುತ್ತ ಗೆರೆ ಎಳೆಯಬೇಕು. ಅವರ ಹತ್ತಿರ ಇದ್ದದ್ದು ಇದ್ದಿಲು. ನಾನು ನನ್ನ ಬ್ಯಾಗಿನಿಂದ ಸೀಮೆಸುಣ್ಣ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಗೋಡೆ ಭೂಪಟದ ಹಾಗಿತ್ತು. ದೊಡ್ಡ ಖಂಡಗಳು, ಸಣ್ಣ ದ್ವೀಪಗಳು. ಮೂರರಲ್ಲಿ ಎರಡು ಭಾಗ ಪೊಳ್ಳು. ಆಮೇಲೆ ಮಹಡಿ ಮೇಲೆ ಹತ್ತಿ ಪ್ಯಾರಾಪೆಟ್ಟಿನ, ಅಂದರೆ ತಾರಸಿ ಅಂಚಿನ ಮೋಟುಗೋಡೆಯ, ನೆತ್ತಿ ನೋಡಿದರು. ಅಲ್ಲಿ ಉದ್ದಕ್ಕೂ ಬಿರುಕು. "ನೀರು ಮುಂದ್ಗಡೆಯಿಂದ ಬತ್ತಿಲ್ಲ ಮೇಡಮ್ಮೋರೆ. ಮೇಲಿಂದ ಇಳ್ದು ಗಾರೆ ಬೆನ್ನಿಗೆ ಹೋಗಿ ಕೂತ್ಕೊತಾ ಅದೆ. ಮೊದ್ಲು ಇದನ್ನ ಮುಚ್ಬೇಕು." ಕಿಟಕಿಯ ಸಜ್ಜಾಗಳ ಅಂಚಿನ ಕೆಳಗೂ ಕೈ ಆಡಿಸಿ ನೋಡಿದರು. ಅಲ್ಲಿ ಬೆರಳಗಲದ ಒಂದು ಗೀರು ಇರಬೇಕಂತೆ. ಹನಿ ಆ ಗೀರಿನ ಹತ್ತಿರ ಬಂದು ಕೆಳಗೆ ಬೀಳುತ್ತದೆ. ಗೀರು ಇಲ್ಲದಿದ್ದರೆ ಸಜ್ಜಾದ ಹೊಟ್ಟೆ ಹಿಡಿದುಕೊಂಡು ಗೋಡೆಗೇ ಬರುತ್ತದೆ. ನಮ್ಮದರಲ್ಲಿ ಇರಲಿಲ್ಲ. ಐನೂರು ರೂಪಾಯಿ ಅಲ್ಲಿಗೆ ವಸೂಲಾಯಿತು.

ಕೆಲಸ ಶುರುವಾಗುವುದೇ ಒಂದು ಕಥೆ. ಹಾಸನಾಂಬೆ ದರ್ಶನದ ಗದ್ದಲ ಮುಗಿಯಲಿ ಅಂದರು, ಮುಗಿಯಿತು. 15ಕ್ಕೆ ಬರುತ್ತೇವೆ ಅಂದವರು ಪತ್ತೆಯಿಲ್ಲ. ಫೋನ್ ರಿಂಗಾಗುತ್ತದೆ, ಎತ್ತುವುದಿಲ್ಲ. 26ಕ್ಕೆ ಸಾರ್ವೆ ಬೊಂಬು ಹೇರಿಕೊಂಡು ಬಂದರು. ಏನ್ರೀ ಇದು ಅಂದರೆ, "ರಾಗಿ ಕೊಯ್ಲು ಅಲ್ವಾ?" ನಾನೇನೋ ಕ್ಯಾಲೆಂಡರ್ ಗೊತ್ತಿಲ್ಲದವಳ ಹಾಗೆ. 6 ಅಂಕ ಅಲ್ಲೇ ಕಳೆದೆ.

ಮೊದಲ ಮೂರು ದಿನ ಬರೀ ಕೆತ್ತುವುದು. ಪೊಳ್ಳು ಇದ್ದ ಕಡೆ ಇಟ್ಟಿಗೆ ಕಾಣುವವರೆಗೆ ತೆಗೆದರು. ಗಟ್ಟಿ ಇದ್ದ ಹಳೇ ಗಾರೆಯನ್ನು ಉಳಿಸಿಕೊಂಡರು. ಆದರೆ ಅದರ ಮೇಲಿನ ಬಣ್ಣವನ್ನು ಗ್ರೈಂಡರ್ ಹಿಡಿದು ಪೂರ್ತಿ ಎಬ್ಬಿಸಿದರು. ಆಮೇಲೆ ಚೂಪು ಸುತ್ತಿಗೆಯಿಂದ ಒತ್ತೊತ್ತಾಗಿ ಕಚ್ಚು ಹೊಡೆದರು. ಗೋಡೆ ಸಿಡುಬು ಬಂದ ಮುಖದ ಹಾಗಾಯಿತು. ಹಳೇ ಗಾರೆ ಮೇಲೆ ಹೊಸ ಗಾರೆ ಹಾಕಬಹುದಾ ಅಂತ ತುಂಬ ಜನ ಕೇಳುತ್ತಾರೆ. ಹಾಕಬಹುದು. ಕೆಳಗಿನದು ಗಟ್ಟಿ ಇರಬೇಕು, ಬಣ್ಣ ಧೂಳು ಇರಬಾರದು, ಒರಟಾಗಿರಬೇಕು. ಈ ಮೂರೂ ಆಗುವುದು ಕೆತ್ತುವ ದಿನಗಳಲ್ಲಿ. ಕರಣೆ ಹಿಡಿಯುವ ದಿನದಲ್ಲಲ್ಲ. ಆದರೆ ಕೊಟೇಶನ್‌ನಲ್ಲಿ ಎಲ್ಲರೂ ಮೊದಲು ಕೈ ಬಿಡುವುದೂ ಈ ದಿನಗಳನ್ನೇ.

ಧೂಳಿನ ವಿಷಯಕ್ಕೆ ಬರುತ್ತೇನೆ. ಗ್ರೈಂಡರ್ ಹಿಡಿದರೆ ಹಿಟ್ಟಿನ ಗಿರಣಿಯೂ ನಾಚಬೇಕು. ಪಕ್ಕದ ಮನೆಯವರು ಆ ದಿನ ಹಪ್ಪಳ ಒಣಗಲು ಹಾಕಿದ್ದರು. ಮುಂದಿನದು ನಿಮ್ಮ ಊಹೆಗೆ ಬಿಟ್ಟಿದ್ದು. ಒಂದು ಹಸಿರು ಬಲೆ ಕಟ್ಟಿ, ಗೋಡೆಗೆ ನೀರು ಚಿಮುಕಿಸಿ ಮಾಡಿದ್ದರೆ ಅರ್ಧ ತಪ್ಪುತ್ತಿತ್ತು. ಕೆಲಸದ ಹುಡುಗರ ಮೂಗಿಗೆ ಒಂದು ಟವೆಲ್ ಬಿಟ್ಟರೆ ಏನಿಲ್ಲ. ನಾನೇ ಮೆಡಿಕಲ್ ಶಾಪಿನಿಂದ ಮಾಸ್ಕ್ ತಂದುಕೊಟ್ಟೆ. 4 ಅಂಕ ಹೋಯಿತು. ಪಕ್ಕದವರ ಜೊತೆ ಮಾತು ಸರಿಹೋಗಲು ಸಂಕ್ರಾಂತಿಯ ಎಳ್ಳು ಬರಬೇಕಾಯಿತು.

ಮರಳಿನ ಕಥೆಯೂ ಇದೆ. ಹೇಮಾವತಿ ಹೊಳೆ ಮರಳು ಅಗ್ಗಕ್ಕೆ ಕೊಡುತ್ತೇನೆ ಎಂದು ಒಬ್ಬರು ಬಂದರು. ಹೊಳೆ ಮರಳು ಅಂದರೆ ಬಂಗಾರ ಎಂದು ನಮ್ಮವರು ಕುಣಿದರು. ನಾನು ಏಳನೇ ಕ್ಲಾಸಿನ ಮಕ್ಕಳಿಗೆ ಮಾಡಿಸುವ ಹಾಗೆ ಒಂದು ಗಾಜಿನ ಬಾಟಲಿಯಲ್ಲಿ ಅರ್ಧ ಮರಳು, ಮೇಲೆ ಉಪ್ಪು ನೀರು ಹಾಕಿ ಕುಲುಕಿ ಇಟ್ಟೆ. ಮೂರು ಗಂಟೆ ಬಿಟ್ಟು ನೋಡಿದರೆ ಮರಳಿನ ಮೇಲೆ ಎರಡು ಬೆರಳು ದಪ್ಪ ರಾಡಿ. ಮರಳಿನ ಎತ್ತರಕ್ಕೆ ಹೋಲಿಸಿದರೆ ಆ ಪದರ 100ಕ್ಕೆ 8ಕ್ಕಿಂತ ಜಾಸ್ತಿ ಇರಬಾರದು. ಮಣ್ಣಿರುವ ಮರಳಿನಲ್ಲಿ ಸಿಮೆಂಟ್ ಹಿಡಿಯುವುದಿಲ್ಲ, ಬಿರುಕೂ ಬರುತ್ತದೆ. ಮೇಸ್ತ್ರಿ ಬಾಟಲಿ ನೋಡಿ ನಕ್ಕು, ಮುಷ್ಟಿ ಮರಳು ಹಿಂಡಿ ಕೈ ಬಿಚ್ಚಿ ತೋರಿಸಿದರು. ಅಂಗೈಗೆ ಕೆಸರು ಮೆತ್ತಿತ್ತು. ಮೂರು ಗಂಟೆಯ ಪರೀಕ್ಷೆ ಮೂರು ಕ್ಷಣದಲ್ಲಿ ಮುಗಿಯಿತು. ಕೊನೆಗೆ ಕಲ್ಲು ಪುಡಿ ಮಾಡುವ ಕ್ರಷರಿನ ಪಿ-ಸ್ಯಾಂಡ್ ಅರ್ಧ ಟ್ರ್ಯಾಕ್ಟರ್ ತರಿಸಿದೆವು. ಎಂ-ಸ್ಯಾಂಡ್ ಅಲ್ಲ, ಅದು ಕಾಂಕ್ರೀಟಿಗೆ. ಪ್ಲಾಸ್ಟರಿಂಗಿಗೆ ಅಂತಲೇ ತೊಳೆದು ಸಣ್ಣಗೆ ಜರಡಿ ಹಿಡಿದಿದ್ದು ಪಿ-ಸ್ಯಾಂಡ್.

ಗಾರೆ ಕಲಸುವಾಗ ನಾನೊಂದು ಜಾಣತನ ಮಾಡಲು ಹೋದೆ. ಈ ಸಲ ಕಲ್ಲಿನ ಹಾಗಿರಲಿ ಅಂತ "ಒಂದಕ್ಕೆ ಮೂರು ಹಾಕಿ ಮೇಸ್ತ್ರಿ, ಸಿಮೆಂಟಿನ ದುಡ್ಡಿಗೆ ಯೋಚನೆ ಬೇಡ" ಅಂದೆ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಅಂತ. ಅವರು ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು: "ಬಡಕಲು ಎತ್ತಿನ ಜೊತೆ ಕೊಬ್ಬಿದ ಹೋರಿ ಕಟ್ಟಿದ್ರೆ ಏನಾಯ್ತದೆ ಮೇಡಮ್ಮೋರೆ?" ನಾನು ಸುಮ್ಮನಾದೆ. ಸಿಮೆಂಟ್ ಜಾಸ್ತಿ ಇದ್ದಷ್ಟೂ ಗಾರೆ ಒಣಗುವಾಗ ಜಾಸ್ತಿ ಕುಗ್ಗುತ್ತದೆ. ಕೆಳಗಿನ ಹಳೇ ಗಾರೆಗೆ ಅಷ್ಟು ಬಲ ಇಲ್ಲ. ಮೇಲಿನದು ಎಳೆಯುತ್ತದೆ, ಕೆಳಗಿನದು ಕಿತ್ತು ಬರುತ್ತದೆ. ಹೊಸ ಪದರ ಯಾವತ್ತೂ ಹಳೆಯದಕ್ಕಿಂತ ಗಟ್ಟಿ ಇರಬಾರದು. ಒಂದಕ್ಕೆ ಐದೇ ಸಾಕು ಅಂದರು. ಹಾಗೇ ಆಯಿತು. ಸಿಮೆಂಟು ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ್ದು, ಒಟ್ಟು 9 ಮೂಟೆ. 15 ಮಿಲಿಮೀಟರ್ ದಪ್ಪದ ಗಾರೆಗೆ ನೂರು ಚದರಡಿಗೆ ಹೆಚ್ಚು ಕಡಿಮೆ ಒಂದು ಮೂಟೆ ಹಿಡಿಯುತ್ತದೆ. ಉಳಿದದ್ದು ಗುಂಡಿ ತುಂಬಲು ಮತ್ತು ಪ್ಯಾರಾಪೆಟ್ಟಿಗೆ ಹೋಯಿತು.

ಅಂದ ಹಾಗೆ, ಮಣ್ಣಿನ ಗೋಡೆಗೆ ಸುಣ್ಣದ ಗಾರೆ ಇರುವ ಹಳೇ ಮನೆ ನಿಮ್ಮದಾದರೆ ಈ ಲೆಕ್ಕ ಹಿಡಿಯಬೇಡಿ. ಅಲ್ಲಿ ಸಿಮೆಂಟ್ ಬಳಿದರೆ ಗೋಡೆಯ ತೇವ ಹೊರಗೆ ಹೋಗಲು ದಾರಿ ಇಲ್ಲದೆ ಒಳಗೇ ಕೂತು ಗೋಡೆ ಕರಗುತ್ತದೆ. ಸುಣ್ಣಕ್ಕೆ ಸುಣ್ಣವೇ ಸರಿ. ನನ್ನ ತವರುಮನೆಯ ಹಜಾರ ಹಾಗೇ ಹಾಳಾಗಿದ್ದು.

ಗೋಡೆಗೆ ಹಿಂದಿನ ಸಂಜೆ ನೀರು ಕುಡಿಸಿದರು. ಬೆಳಿಗ್ಗೆ ಮತ್ತೆ ಒಂದು ಸಲ. ನೀರು ತೊಟ್ಟಿಕ್ಕುತ್ತಿರಬಾರದು, ಮುಟ್ಟಿದರೆ ತಂಪಾಗಿರಬೇಕು, ಅಷ್ಟೇ. ಒಣ ಗೋಡೆಯಾದರೆ ಹೊಸ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಆಮೇಲೆ ಎಸ್‌ಬಿಆರ್ ಲೇಟೆಕ್ಸ್ ಅಂತ ಒಂದು ಅಂಟು ಬರುತ್ತದೆ, ನೋಡಲು ಗಟ್ಟಿ ಹಾಲಿನ ಹಾಗಿರುತ್ತದೆ. ಅದನ್ನು ನೀರು, ಸಿಮೆಂಟಿನ ಜೊತೆ ಕಲಸಿ ಬ್ರಷ್‌ನಲ್ಲಿ ಹೊಡೆದರು. ನಾನು ಗಡಿಯಾರ ನೋಡಿಕೊಂಡೇ ನಿಂತಿದ್ದೆ. ಮುಂದಿನ ಕಾಲು ಗಂಟೆಯಲ್ಲಿ ಎಷ್ಟು ಗಾರೆ ಹಾಕಲು ಆಗುತ್ತದೋ ಅಷ್ಟಗಲ ಮಾತ್ರ ಹೊಡೆಯುತ್ತಿದ್ದರು. ಬೆರಳಿಗೆ ಅಂಟುವಾಗಲೇ ಗಾರೆ ಬೀಳಬೇಕು. ಒಣಗಿದರೆ ಅದೇ ಒಂದು ಜಾರುವ ಪದರ, 2019ರಲ್ಲಿ ನಮಗಾದ ಹಾಗೆ. ಗಾರೆಯನ್ನೂ ಅಷ್ಟೇ, ಬಾಂಡ್ಲಿ ಬಾಂಡ್ಲಿಯಾಗಿ ಕಲಸಿ ಅರ್ಧ ಗಂಟೆಯೊಳಗೆ ಖಾಲಿ ಮಾಡುತ್ತಿದ್ದರು. ಕಲಸುತ್ತಿದ್ದ ಹೆಂಗಸಿನ ಅಂದಾಜು ಎಂಥದ್ದು ಅಂತೀರಿ! ಒಂದು ಕರಣೆಯಷ್ಟೂ ಹೆಚ್ಚಾಗಲಿಲ್ಲ. ಅವರಿಗೆ ಬೇರೆಯಾಗಿ ಅಂಕ ಕೊಡುವುದಾದರೆ 100ಕ್ಕೆ 100.

ಇಟ್ಟಿಗೆ ಕಾಣುತ್ತಿದ್ದ ಗುಂಡಿಗಳನ್ನು ಮೊದಲು ತುಂಬಿ, ಮೇಲೆ ಗೀರು ಎಳೆದು ಎರಡು ದಿನ ಬಿಟ್ಟರು. ಅಷ್ಟು ದಪ್ಪವನ್ನು ಒಂದೇ ಸಲಕ್ಕೆ ಹಾಕಿದರೆ ತೂಕಕ್ಕೆ ಜಾರುತ್ತದೆ. ಬೀಮು ಮತ್ತು ಇಟ್ಟಿಗೆ ಸೇರುವ ಉದ್ದಕ್ಕೂ ಕೋಳಿ ಮೆಶ್ ಮೊಳೆ ಹೊಡೆದು ಕೂರಿಸಿದರು. ಕಾಂಕ್ರೀಟು, ಇಟ್ಟಿಗೆ ಎರಡೂ ಬಿಸಿಲಿಗೆ ಒಂದೇ ಥರ ಹಿಗ್ಗುವುದಿಲ್ಲ, ಹಾಗಾಗಿ ಅಲ್ಲೇ ಯಾವಾಗಲೂ ಸೀಳು ಬರುವುದು. ಆಮೇಲೆ ಇಡೀ ಗೋಡೆಗೆ ತೂಗುಗುಂಡು ಬಿಟ್ಟು, ಅಲ್ಲಲ್ಲಿ ಗಾರೆಯ ಬಿಲ್ಲೆ ಇಟ್ಟು ಮಟ್ಟ ಹಿಡಿದು, ಒಂದೇ ಕೋಟ್. ಒಣ ಸಿಮೆಂಟ್ ಎರಚಲಿಲ್ಲ. ಮರದ ಹಲಗೆಯಲ್ಲಿ ಉಜ್ಜಿ, ಸ್ಪಂಜು ಒತ್ತಿ ಬಿಟ್ಟರು. ಸ್ವಲ್ಪ ತರಿತರಿಯಾಗಿದೆ. ನಮ್ಮವರಿಗೆ ನುಣ್ಣಗೆ ಬೇಕಿತ್ತು. ನುಣ್ಣಗಿದ್ದ ಗೋಡೆ ಏನಾಯಿತು ಎಂದು ನೆನಪಿಸಿದೆ.

ಕಾಫಿ ಹೊತ್ತಿನಲ್ಲಿ ಮೇಸ್ತ್ರಿ ಬೇಲೂರಿನ ವಿಷಯ ತೆಗೆದರು. ಅವರ ಅಜ್ಜ ಊರ ಗುಡಿಯ ಗೋಪುರಕ್ಕೆ ಗಾರೆಗೊಂಬೆ ಮಾಡುತ್ತಿದ್ದರಂತೆ. ಬೇಲೂರಿಗೆ ಹೋದವರೆಲ್ಲ ಗುಡಿಯ ಶಿಲಾಬಾಲಿಕೆಯರನ್ನು ನೋಡಿ ಬರುತ್ತಾರೆ. ಅದು 1117ರ ಗುಡಿ, ಬಳಪದ ಕಲ್ಲು, ಗಾರೆಯ ಹಂಗೇ ಇಲ್ಲ. ಬಾಗಿಲಲ್ಲಿ ನಿಂತಿರುವ ಗೋಪುರದ ಮೇಲ್ಭಾಗ ಮಾತ್ರ ಇಟ್ಟಿಗೆ, ಗಾರೆ. 1397ರಲ್ಲಿ ವಿಜಯನಗರದ ಎರಡನೇ ಹರಿಹರನ ದಂಡನಾಯಕ ಗುಂಡ ಅದನ್ನು ಮತ್ತೆ ಕಟ್ಟಿಸಿದ. ಈ ಇಸವಿಗಳನ್ನು ನಾನು ಹೇಳಿದೆ. ಮೇಸ್ತ್ರಿ ತಲೆಯಾಡಿಸಿ, "ಗಾರೆಗೊಂಬೆಗೂ ಅಷ್ಟೇ, ಮೂಗು ಬಿದ್ದೋದ್ರೆ ಅದರ ಮೇಲೆ ಮೂಗು ಮೆತ್ತೋಕಾಗಲ್ಲ. ಕೆನ್ನೆವರ್ಗೂ ಕೆರೀಬೇಕು ಅಂತಿದ್ರು ನಮ್ಮಜ್ಜ" ಅಂದರು. ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಆ ಗೋಪುರದ ಕೆಳಗೆ ಎಷ್ಟು ಸಲ ಹಾದುಹೋಗಿದ್ದೇನೋ. ಒಂದು ಸಲವೂ ತಲೆ ಎತ್ತಿ ಇದನ್ನು ಯೋಚಿಸಿರಲಿಲ್ಲ.

ಡಿಸೆಂಬರ್ 7ಕ್ಕೆ ಕರಣೆ ತೊಳೆದರು. ನಮ್ಮ ಕೆಲಸ ಅಲ್ಲಿಂದ ಶುರು. ಕನಿಷ್ಠ ಏಳು ದಿನ ಗೋಡೆ ಒದ್ದೆ ಇರಬೇಕು ಅಂದಿದ್ದರು. ನಾನು ಹತ್ತು ದಿನ ಮಾಡಿದೆ. ಪಡುವಣ ಬಿಸಿಲಿಗೆ ಮಧ್ಯಾಹ್ನ ಎರಡಕ್ಕೆ ಹೊಡೆದ ನೀರು ಮೂರಕ್ಕೆ ಮಾಯ. ಹಾಸನ ಅಂದರೆ ಆಲೂಗಡ್ಡೆ ಅಲ್ವಾ? ಮಂಡಿಯಿಂದ ಹಳೇ ಗೋಣಿಚೀಲ ತಂದು ನೆನೆಸಿ ಮೇಲಿಂದ ಇಳಿಬಿಟ್ಟೆವು. ಮನೆಯ ಮುಂದೆ ಹೋಗುವವರು ಆಲೂಗಡ್ಡೆ ವ್ಯಾಪಾರ ಶುರು ಮಾಡಿದಿರಾ ಅಂತ ಕೇಳುತ್ತಿದ್ದರು. ಪೇಂಟ್ ಹೊಡೆಸಿದ್ದು ಸಂಕ್ರಾಂತಿ ಕಳೆದ ಮೇಲೆ. ಇಪ್ಪತ್ತೆಂಟು ದಿನವಾದರೂ ಬಿಡಬೇಕು. ಬಣ್ಣ ಅತ್ತೆ ಆರಿಸಿದರು. ಹಸಿರು.

ಖರ್ಚು ಬರೆದಿಟ್ಟಿದ್ದೇನೆ. ಸಿಮೆಂಟ್ 3,600. ಪಿ-ಸ್ಯಾಂಡ್ 3,500. ಲೇಟೆಕ್ಸ್ 2,800. ಮೆಶ್ಶು ಮೊಳೆ 900. ಕೆತ್ತುವ ಕೂಲಿ ಮತ್ತು ಗ್ರೈಂಡರ್ ಬಾಡಿಗೆ 6,900. ಗಾರೆ ಹಾಕಿದ ನಾಲ್ಕು ದಿನದ ಕೂಲಿ 14,800. ಸಾರ್ವೆ ಬಾಡಿಗೆ 3,000. ಕೆತ್ತಿದ ಗಾರೆ ಸಾಗಿಸಲು 1,500. ಒಟ್ಟು 37,000. ಪೇಂಟ್ ಬೇರೆ, ತಟ್ಟಿದ ಐನೂರೂ ಬೇರೆ. ಚದರಡಿಗೆ 57 ರೂಪಾಯಿ ಬಿತ್ತು, ಹಳೇ ಕಂಟ್ರಾಕ್ಟರಿನ ಎರಡರಷ್ಟು. ಕೂಲಿಯನ್ನು ದಿನದ ಲೆಕ್ಕದಲ್ಲಿ ಕೊಟ್ಟೆವು. ಚದರಡಿ ಲೆಕ್ಕಕ್ಕೆ ಈ ಮೇಸ್ತ್ರಿ ಒಪ್ಪುವುದಿಲ್ಲ. ಚದರಡಿಗೆ ಮಾತಾಡಿದರೆ ಕೈ ತಾನಾಗೇ ಓಡುತ್ತದಂತೆ.

ಈ ಗೋಡೆ ಎರಡು ಮಳೆಗಾಲ ಕಂಡಿದೆ. 2024ರ ಜುಲೈನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜಾರಿ ರಸ್ತೆ ಬಂದ್ ಆಗಿತ್ತಲ್ಲ, ಆ ಮಳೆ. ಆಮೇಲೆ 2025ರಲ್ಲಿ ಮೇ ತಿಂಗಳಲ್ಲೇ ಬಂದು ಹಿಡಿದ ಮುಂಗಾರು. ಅತ್ತೆಯ ರೂಮಿನ ಕ್ಯಾಲೆಂಡರು ಗರಿಗರಿಯಾಗಿದೆ. ಪ್ರತಿ ಸಲ ಮಳೆ ಬಿಟ್ಟ ಮೇಲೆ ನಾನೇ ಸುತ್ತಿಗೆ ಹಿಡಿ ತಗೊಂಡು ಕೈಗೆಟುಕುವಷ್ಟು ತಟ್ಟಿ ನೋಡುತ್ತೇನೆ. ಎಲ್ಲ ಕಡೆ ಟಣ್. ಕೂದಲೆಳೆ ಬಿರುಕು ಒಂದೇ ಒಂದು, ಮಹಡಿ ಕಿಟಕಿಯ ಮೂಲೆಯಲ್ಲಿ. ಅದು ಬೆಳೆದಿಲ್ಲ.

ಉಳಿದ ಅಂಕಗಳ ಲೆಕ್ಕ. ವಾಯವ್ಯ ಮೂಲೆಯ ಏಣು ನೆಟ್ಟಗಿಲ್ಲ. ಗೇಟಿನಿಂದ ನೋಡಿದರೆ ಸೊಂಟ ಬಳುಕಿದ ಹಾಗೆ ಕಾಣುತ್ತದೆ. ಅದಕ್ಕೆ 3. ಕೊನೆಯ 5 ಕೆಳಗಿನ ಕಿಟಕಿಯ ಹೊರಗಟ್ಟೆಗೆ. ಮೂರು ಕಿಟಕಿಯಲ್ಲಿ ಎರಡರ ಇಳಿಜಾರು ಸರಿಯಾಗಿ ಹೊರಗಿದೆ. ಮೂರನೆಯದು ಒಳಗೆ ವಾಲಿದೆ. ಮಳೆ ಬಂದರೆ ಅಲ್ಲಿ ಒಂದು ಲೋಟ ನೀರು ನಿಲ್ಲುತ್ತದೆ. ತೋರಿಸಿದಾಗ ಮೇಸ್ತ್ರಿ ಬೆರಳು ಆಡಿಸಿ ನೋಡಿ, "ಅಯ್ಯೋ, ಅದು ಹುಡುಗನ ಕೈ. ರಾಗಿ ಕೊಯ್ಲು ಮುಗ್ಸಿ ಬಂದು ಮಾಡ್ಕೊಡ್ತೀನಿ, ಕಾಸು ಬ್ಯಾಡ" ಅಂದರು. ಅದಾದ ಮೇಲೆ ಎರಡು ರಾಗಿ ಕೊಯ್ಲು ಮುಗಿದಿವೆ. ಫೋನ್ ರಿಂಗಾಗುತ್ತದೆ. ಮಳೆ ನಿಂತ ಕೂಡಲೇ ಅತ್ತೆ ಕಿಟಕಿಯಿಂದ ಕೈ ಹಾಕಿ ಹಳೇ ಪಂಚೆ ತುಂಡಿನಲ್ಲಿ ಆ ನೀರನ್ನು ಒರೆಸುತ್ತಾರೆ.